ಬೆಕ್ಕಿನ ಒತ್ತು

ಬೋರ್ಡಣ್ಣನ ಮೂಗು ನೋಡುವುದಕ್ಕೆ ಭಾರಿ, ಉಪಯೋಗಕ್ಕೆ ಸೊನ್ನೆ. ನಲವತ್ತು ವರ್ಷ ಬಣ್ಣದ, ಟರ್ಪೆಂಟೈನಿನ ಘಾಟು ಎಳೆದೂ ಎಳೆದೂ ಅದು ಎಂದೋ ರಾಜೀನಾಮೆ ಕೊಟ್ಟು, ಈಗ ಕನ್ನಡಕ ಕೂರಿಸುವುದಕ್ಕೆ ಮಾತ್ರ ಮುಖದ ಮೇಲೆ ಉಳಿದುಕೊಂಡಿದೆ. ಆದ್ದರಿಂದ ಆ ಬೆಳಗ್ಗೆ ಹಿತ್ತಲಿನಿಂದ ಒಳಗೆ ಬಂದು, ಹಾಲು ಕಾಯಿಸಿ, ಎರಡು ಲೋಟ ಟೀ ಮಾಡಿ, ಒಂದನ್ನು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಹೆಂಡತಿಗೆ ಕೊಡಲು ಹೋಗುವವರೆಗೂ ಅವನಿಗೆ ಏನೂ ಗೊತ್ತಾಗಲಿಲ್ಲ.

ಅವಳು ಲೋಟ ತೆಗೆದುಕೊಳ್ಳಲಿಲ್ಲ. ಮೂಗಿಗೆ ಕೈ ಅಡ್ಡ ಹಿಡಿದಳು.

"ರೀ, ಚಪ್ಪಲಿ ನೋಡ್ಕೊಳ್ಳಿ."

ನೋಡಿಕೊಂಡ. ಬಲಗಾಲಿನ ಚಪ್ಪಲಿಯ ಅಡಿಯಲ್ಲಿ ಬೆಕ್ಕು ಬಿಟ್ಟುಹೋದದ್ದು ಅಚ್ಚುಕಟ್ಟಾಗಿ ಮೆತ್ತಿಕೊಂಡಿತ್ತು. ಹಿಂದೆ ತಿರುಗಿ ನೋಡಿದರೆ ಬಾಗಿಲಿನಿಂದ ಒಲೆಗೆ, ಒಲೆಯಿಂದ ಕುರ್ಚಿಗೆ ನೆಲದ ಮೇಲೆ ಅದರದೇ ಒಂದು ಸಾಲು.

"ಹೆಜ್ಜೆಗೊಂದು ಮುದ್ರೆ ಒತ್ತಿಕೊಂಡು ಬಂದಿದ್ದೀರ," ಎಂದಳು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವಳು ಅವಳು; ಮುದ್ರೆಯ ವಿಷಯದಲ್ಲಿ ಅವಳ ಮಾತೇ ಕೊನೆ. "ಪಾತಿಗೆ ಹೋಗಿದ್ರಾ?"

"ಹೂಂ."

"ಬೀಜ ಇದೆಯಾ?"

ಬೋರ್ಡಣ್ಣ ನೆಲ ಒರೆಸುವ ಬಟ್ಟೆ ಹುಡುಕಿಕೊಂಡು ಹೋದ. ಮೂರು ದಿನದ ಹಿಂದೆ ಬಿತ್ತಿದ ಮೂಲಂಗಿ ಬೀಜದಲ್ಲಿ ಅರ್ಧವನ್ನು ಬೆಕ್ಕು ಕೆದರಿ ಮೇಲೆ ಎಸೆದಿತ್ತು, ಇನ್ನರ್ಧವನ್ನು ತನ್ನ ಕಾಣಿಕೆಯ ಜೊತೆಗೇ ಹೂತು ಹೋಗಿತ್ತು. ಆ ಮೂಲಂಗಿ ಮೊಳೆಯುವುದರ ಮೇಲೆ ಅವನ ಹೆಂಡತಿ ಮತ್ತೆ ನಡೆಯುತ್ತಾಳೋ ಇಲ್ಲವೋ ಎಂಬುದು ನಿಂತಿತ್ತು.

ಅದು ಹೇಗೆ ಎಂದು ಹೇಳಬೇಕಾದರೆ ಬೋರ್ಡಣ್ಣನ ದಡ್ಡತನವನ್ನು ಸ್ವಲ್ಪ ಹಿಂದಿನಿಂದ ಹೇಳಿಕೊಂಡು ಬರಬೇಕು. ಅವನಿಗೆ ಅದರಲ್ಲಿ ಬೇಸರವೇನಿಲ್ಲ. ಬೀದಿಯಲ್ಲಿ ಯಾರು ಸಿಕ್ಕಿದರೂ ಅವನೇ ಮೊದಲು ಬಾಯಿಬಿಟ್ಟು ಹೇಳುತ್ತಾನೆ, ಹೇಳುವಾಗ ತನಗೆ ಬರಬೇಕಾದ ಬೈಗುಳವನ್ನೆಲ್ಲ ತಾನೇ ಬೈದುಕೊಂಡು ಕೇಳುವವರಿಗೆ ಏನೂ ಉಳಿಸುವುದಿಲ್ಲ.

ಕೈಯಲ್ಲಿ ಬೋರ್ಡು ಬರೆಯುವುದು ಅವನ ಕಸುಬು. ಅಂಗಡಿ, ಶಾಲೆ, ಆಸ್ಪತ್ರೆ, ಗೋದಾಮು, ಎಲ್ಲದರ ಹಣೆಯ ಮೇಲೂ ಒಂದು ಕಾಲಕ್ಕೆ ಅವನದೇ ಅಕ್ಷರ. ಅಕ್ಷರ ಚೆನ್ನ, ತುಂಬಾ ಚೆನ್ನ. ಅದನ್ನು ಅವನ ಶತ್ರುಗಳೂ ಒಪ್ಪುತ್ತಿದ್ದರು, ಇದ್ದಿದ್ದರೆ. ತೊಂದರೆ ಇದ್ದದ್ದು ಒತ್ತಕ್ಷರದಲ್ಲಿ. ಸಾಲು ನೆಟ್ಟಗೆ ಬರಲಿ ಎಂದು ಮೊದಲು ಅಕ್ಷರಗಳ ಮೈಯನ್ನೆಲ್ಲ ಬರೆದು ಮುಗಿಸುವುದು, ಬಣ್ಣ ಒಣಗಿದ ಮೇಲೆ ಸಣ್ಣ ಕುಂಚ ಹಿಡಿದು ಕೆಳಗಿನ ಒತ್ತುಗಳನ್ನೆಲ್ಲ ಒಟ್ಟಿಗೆ ಹಾಕುವುದು; ಇದು ಅವನ ಗುರು ಕಲಿಸಿದ ಕ್ರಮ. ಒಣಗುವ ಹೊತ್ತಿನಲ್ಲಿ ಬೋರ್ಡಣ್ಣ ಟೀ ಕುಡಿಯಲು ಹೋಗುತ್ತಿದ್ದ. ಟೀ ಅಂಗಡಿಯಲ್ಲಿ ಯಾರಾದರೂ ಮಾತಿಗೆ ಸಿಗುತ್ತಿದ್ದರು. ವಾಪಸು ಬರುವ ಹೊತ್ತಿಗೆ ಯಾವ ಅಕ್ಷರ ಒತ್ತಿಗಾಗಿ ಕಾಯುತ್ತಿದೆ ಎಂಬುದು ತಲೆಯಿಂದ ಹಾರಿಹೋಗಿರುತ್ತಿತ್ತು.

ಹಾಗೆ ಒಮ್ಮೆ ಕನ್ನಡಕದ ಅಂಗಡಿಯೊಂದಕ್ಕೆ ಆಳೆತ್ತರದ ಅಕ್ಷರದಲ್ಲಿ 'ಕನಡಕ' ಎಂದು ಬರೆದು, ಏಣಿಯ ಮೇಲೆ ನಿಂತು ತನ್ನ ಕೆಲಸಕ್ಕೆ ತಾನೇ ತಲೆದೂಗುತ್ತಿದ್ದಾಗ, ಎದುರು ಫುಟ್‌ಪಾತಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯೊಬ್ಬಳು ಕೂಗಿ ಹೇಳಿದಳು.

"ಏಣಿ ಮೇಲಿರೋರೇ, ನ ಒತ್ತು ಬಿಟ್ಟಿದೆ."

ಅವನು ಮೂರು ಸಲ ಓದಿದ, ಮೂರು ಸಲವೂ ಸರಿಯಾಗಿಯೇ ಕಂಡಿತು. ತಾನು ಬರೆದದ್ದನ್ನು ಓದುವಾಗ ಬೋರ್ಡಣ್ಣನ ಕಣ್ಣು, ಬಿಟ್ಟದ್ದನ್ನೂ ತಾನೇ ತುಂಬಿಕೊಂಡು ಓದುತ್ತದೆ. ಒಳಗಿನಿಂದ ಬಂದ ಅಂಗಡಿಯವನು ಮೂಗಿನ ಮೇಲೊಂದು, ಹಣೆಯ ಮೇಲೊಂದು ಕನ್ನಡಕ ಇಟ್ಟುಕೊಂಡು ನೋಡಿದರೂ ಅವನಿಗೂ ಕಾಣಲಿಲ್ಲ. ಕೊನೆಗೆ ಆ ಹುಡುಗಿಯೇ ರಸ್ತೆ ದಾಟಿ ಬಂದು, ಏಣಿಯ ಕೆಳಗೆ ನಿಂತು, ಬೆರಳು ತೋರಿಸಿ ಹಾಕಿಸಿದಳು. ಅವಳ ಬಸ್ಸು ತಪ್ಪಿತು. ಮುಂದಿನ ವರ್ಷ ಮದುವೆಯಾಯಿತು. ಅಂದಿನಿಂದ ಅವರಿಬ್ಬರ ನಡುವೆ ಒಂದೇ ಕರಾರು, "ನನ್ನನ್ನ ಕರೆದು ತೋರಿಸದೆ ಏಣಿ ಇಳಿಸಬೇಡಿ." ಕಚೇರಿ ಮುಗಿಸಿ ಬರುವ ದಾರಿಯಲ್ಲಿ ಅವಳು ಎದುರು ಬದಿಯಲ್ಲಿ ನಿಂತು ನೋಡುತ್ತಿದ್ದಳು, ಬಿಟ್ಟದ್ದನ್ನು ಹೇಳುತ್ತಿದ್ದಳು, ಅವನು ಹಾಕುತ್ತಿದ್ದ. ಆಮೇಲೆ ಫ್ಲೆಕ್ಸ್ ಬಂತು. ಫ್ಲೆಕ್ಸಿನಲ್ಲಿ ಎಷ್ಟು ತಪ್ಪಿದ್ದರೂ ಯಾರೂ ಕೇಳುವುದಿಲ್ಲ ಎಂಬುದೇ ಅವನಿಗೆ ಇವತ್ತಿಗೂ ಇರುವ ಹೊಟ್ಟೆಕಿಚ್ಚು.

ಇಷ್ಟು ವರ್ಷ ಬರೆದೂ ಬರೆದೂ ಬೋರ್ಡಣ್ಣನಿಗೆ ಒಂದು ಕಾಯಿಲೆ ಅಂಟಿಕೊಂಡಿತ್ತು. ಏನಾದರೂ ಕೆಟ್ಟಿದೆ ಎಂದರೆ ಅದನ್ನು ಸರಿಮಾಡುವ ಬದಲು ಅದರ ಮೇಲೆ ಬರೆದುಬಿಡುವುದು. ನಲ್ಲಿ ಸೋರಿದರೆ 'ನಲ್ಲಿ ಕೆಟ್ಟಿದೆ'. ಬಾಗಿಲು ಸಿಕ್ಕಿಹಾಕಿಕೊಂಡರೆ 'ಜೋರಾಗಿ ತಳ್ಳಿರಿ'. ಹಿತ್ತಲ ಬಾಗಿಲಿನ ಮೆಟ್ಟಿಲ ಕಲ್ಲು ಎರಡು ವರ್ಷದಿಂದ ಅಲ್ಲಾಡುತ್ತಿತ್ತು. ಹೆಂಡತಿ ಹೇಳಿ ಹೇಳಿ ಸೋತ ಮೇಲೆ ಒಂದು ಚೀಲ ಸಿಮೆಂಟು, ಒಂದು ಗಾಡಿ ಮರಳು ತರಿಸಿದ. ಮರಳನ್ನು ಹಿತ್ತಲ ಮೂಲೆಗೆ ಸುರಿಸಿದ. ಸಿಮೆಂಟು ಅವನಿಗಾಗಿ ಕಾದು ಕಾದು ಚೀಲದೊಳಗೇ ಕಲ್ಲಾಯಿತು. ಕಡೆಗೊಂದು ಸಂಜೆ ಅವಳು ಮತ್ತೆ "ಕಲ್ಲು ಅಲ್ಲಾಡ್ತಿದೆ ಕಣ್ರೀ" ಎಂದಾಗ ಅವನಿಗೆ ರೋಷ ಬಂತು. ಹಳದಿ ಬಣ್ಣದ ಡಬ್ಬಿ ತೆಗೆದು ಆ ಕಲ್ಲಿನ ಮೇಲೆ 'ಜಾಗ್ರತೆ' ಎಂದು, ಅಂಚಿಗೆ ಕಪ್ಪು ನೆರಳು ಕೊಟ್ಟು, ಬಹಳ ಮುದ್ದಾಗಿ ಬರೆದ. ಅವತ್ತು ಒತ್ತನ್ನೂ ಮರೆಯಲಿಲ್ಲ.

ಮರುದಿನ ಬೆಳಗ್ಗೆ ಅವಳು ಗಿಡಕ್ಕೆ ನೀರು ಹಾಕಲು ಬಂದಾಗ ಬಣ್ಣ ಇನ್ನೂ ಹಸಿಯಾಗಿತ್ತು. ಹಸಿ ಬಣ್ಣ ತುಳಿಯಬಾರದು ಎಂಬುದು ಆ ಮನೆಯಲ್ಲಿ ನಲವತ್ತು ವರ್ಷದ ಅಭ್ಯಾಸ. ಅಕ್ಷರ ಕೆಡದಿರಲಿ ಎಂದು ಅವಳು ಕಲ್ಲನ್ನೇ ದಾಟಿ ಉದ್ದಕ್ಕೆ ಕಾಲು ಹಾಕಿದಳು. ಕೆಳಗಿನ ನೆಲ ಒದ್ದೆಯಿತ್ತು. ನೀರಿನ ಕ್ಯಾನಿನ ಸಮೇತ ಬಿದ್ದಳು, ಸೊಂಟದ ಮೂಳೆ ಮುರಿಯಿತು. 'ಜಾಗ್ರತೆ' ಎಂಬ ಅಕ್ಷರಕ್ಕೆ ಜಾಗ್ರತೆ ಮಾಡಲು ಹೋಗಿ ಬಿದ್ದವಳು ಈ ಪ್ರಪಂಚದಲ್ಲಿ ತನ್ನ ಹೆಂಡತಿ ಒಬ್ಬಳೇ ಎಂದು ಬೋರ್ಡಣ್ಣ ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಅವಳು ಮಾತ್ರ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಪರೇಷನ್ ಆಯಿತು, ಮನೆಗೆ ಬಂದಳು. ಜೊತೆಗೆ ನಾಲ್ಕು ಕಾಲಿನ ಒಂದು ವಾಕರ್ ಕೂಡ ಬಂತು, ಗೋಡೆಗೆ ಒರಗಿ ನಿಂತಿತು. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಕಿಟಕಿಯ ಕುರ್ಚಿಗೆ ಅವನ ತೋಳು ಹಿಡಿದು ಬರುತ್ತಿದ್ದಳು. ಅದರಾಚೆಗೆ ಒಂದು ಹೆಜ್ಜೆ ಇಲ್ಲ. ವಾರಕ್ಕೆರಡು ಸಲ ಆಸ್ಪತ್ರೆಯಿಂದ ವ್ಯಾಯಾಮ ಮಾಡಿಸುವ ಹುಡುಗಿ ಬರುತ್ತಿದ್ದಳು. ಒಂದು ದಿನ ಹೋಗುವಾಗ ಅವಳು ಬೋರ್ಡಣ್ಣನನ್ನು ಬಾಗಿಲ ಹೊರಗೆ ಕರೆದಳು.

"ಮೂಳೆ ಕೂಡಿಕೊಂಡಿದೆ ಅಂಕಲ್. ಆಂಟಿಗೆ ಈಗ ಇರೋದು ಬೀಳ್ತೀನಿ ಅನ್ನೋ ಭಯ ಮಾತ್ರ. ಈ ತಿಂಗಳು ಮುಗಿಯೋದ್ರೊಳಗೆ ತಾವಾಗೇ ಎದ್ದು ನಡೆಯೋಕೆ ಶುರು ಮಾಡದಿದ್ರೆ ಕಾಲು ಕುರ್ಚಿಗೇ ಒಗ್ಗಿಹೋಗುತ್ತೆ. ಆಮೇಲೆ ಎಬ್ಬಿಸೋದು ನಮ್ಮ ಕೈಲೂ ಆಗಲ್ಲ."

ಅವನು ಒಳಗೆ ಹೋಗಿ ಗೋಗರೆದ. ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಅಲ್ಲಿ ಹನ್ನೆರಡು ಹೆಜ್ಜೆ ದೂರದಲ್ಲಿ ಅವಳ ತರಕಾರಿ ಪಾತಿ, ಅವಳು ಬಿದ್ದ ದಿನದಿಂದ ಬರಿದಾಗಿ ಬಿದ್ದಿತ್ತು.

"ಪಾತಿ ಅಗೆದು ಮೂಲಂಗಿ ಹಾಕಿ," ಎಂದಳು. "ಅದು ಎದ್ದ ದಿನ ನಾನೂ ಏಳ್ತೀನಿ. ನೀವು ಬೆಳೆಸ್ತೀರ, ನಾನು ನಡೀತೀನಿ, ಎರಡೂ ಒಂದೇ ಥರದ ಮಾತು."

ಮೂಲಂಗಿ ನಾಲ್ಕೈದು ದಿನಕ್ಕೆಲ್ಲ ಮೊಳೆಯುತ್ತದೆ. ಇಷ್ಟು ಸುಲಭದಲ್ಲಿ ಒಪ್ಪಿದಳಲ್ಲ ಎಂದು ಬೋರ್ಡಣ್ಣ ಒಳಗೊಳಗೇ ಹಿಗ್ಗಿದ. ತಾನು ಈ ಜನ್ಮದಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಬೆಳೆಸಿಲ್ಲ ಎಂಬುದು ಗುದ್ದಲಿ ಹಿಡಿದ ಮೇಲೆ ನೆನಪಾಯಿತು. ಅವಳು ಕಿಟಕಿಯಿಂದ ಹೇಳಿದಂತೆ ಅಗೆದ, ಹೆಂಟೆ ಒಡೆದ, ಮಣ್ಣನ್ನು ಹಿಟ್ಟಿನ ಹಾಗೆ ಮೆತ್ತಗೆ ಮಾಡಿ, ಬಿತ್ತಿದ. ಅಷ್ಟು ಮೆತ್ತನೆಯ ಮಣ್ಣು ಬೀದಿಯ ಮೂರು ಬೆಕ್ಕುಗಳಿಗೂ ಬಹಳ ಹಿಡಿಸಿತು. ಮಿಕ್ಕದ್ದು ನೆಲ ಒರೆಸುವಾಗ ನೋಡಿದೆವಲ್ಲ.

ಎರಡನೆಯ ಸಲ ಬಿತ್ತಿದಾಗ ಬೋರ್ಡಣ್ಣ ಬುದ್ಧಿ ಓಡಿಸಿದ. ಬೆಕ್ಕಿಗೆ ಘಾಟು ವಾಸನೆ ಆಗುವುದಿಲ್ಲ ಎಂದು ಎಲ್ಲೋ ಕೇಳಿದ್ದ. ಕಿತ್ತಳೆ ಸಿಪ್ಪೆ, ಕಾಫಿ ಗಸಿ, ಇನ್ನೇನೇನೋ ಹಾಕಬೇಕೆಂದು ಹೇಳುವವರು ಹೇಳಿದ್ದರು. ಅವನ ಮನೆಯಲ್ಲಿ ಇದ್ದದ್ದು ಟರ್ಪೆಂಟೈನು. ಪಾತಿಯ ಸುತ್ತ ಸ್ವಲ್ಪ ಸುರಿದು, ಬಗ್ಗಿ ಮೂಸಿ ನೋಡಿದ. ಏನೂ ವಾಸನೆ ಬರಲಿಲ್ಲ. ಇನ್ನಷ್ಟು ಸುರಿದ. ಆಗಲೂ ಬರಲಿಲ್ಲ. ಹಾಳಾದ್ದು ಹಳೆಯ ಡಬ್ಬಿ, ಸತ್ವ ಹೋಗಿರಬೇಕು ಎಂದುಕೊಂಡು ಇಡೀ ಡಬ್ಬಿಯನ್ನು ಪಾತಿಗೇ ಬಗ್ಗಿಸಿದ. ಪಕ್ಕದ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡಾಗಲೂ ಅವನಿಗೆ ಅನುಮಾನ ಬರಲಿಲ್ಲ. ಒಳಗಿನಿಂದ ಹೆಂಡತಿ ಕೆಮ್ಮುತ್ತಾ ಕರೆದು, "ರೀ, ನಿಮ್ಮ ಮೂಗು ಹೋಗಿ ಇಪ್ಪತ್ತು ವರ್ಷ ಆಯ್ತು," ಎಂದು ನೆನಪಿಸಬೇಕಾಯಿತು. ಬೆಕ್ಕುಗಳು ಆರು ದಿನ ಅತ್ತ ಸುಳಿಯಲಿಲ್ಲ. ಎರೆಹುಳುವೂ ಸುಳಿಯಲಿಲ್ಲ, ಮೂಲಂಗಿಯೂ ಏಳಲಿಲ್ಲ. ಮೇಲಿನ ಮಣ್ಣನ್ನೆಲ್ಲ ಕೆರೆದು ತೆಗೆದು, ಎಲ್ಲಿಂದಲೋ ಹೊಸ ಮಣ್ಣು ಹೊತ್ತು ತಂದು ಹಾಕುವುದರಲ್ಲಿ ಅವನ ಸೊಂಟವೂ ಹಿಡಿದುಕೊಂಡಿತು. ತಿಂಗಳಲ್ಲಿ ಅರ್ಧ ಕಳೆದಿತ್ತು.

"ಈಗ ಇಬ್ಬರಿಗೂ ಒಂದೇ ವಾಕರ್," ಎಂದಳು ಹೆಂಡತಿ. ಅವಳು ನಕ್ಕಿದ್ದು ನೋಡಿ ಅವನಿಗೆ ಅಷ್ಟೂ ನೋವು ಸಾರ್ಥಕ ಎನಿಸಿತು. ಆದರೆ ನಗು ಮುಗಿದ ಮೇಲೆ ಅವಳು ತನ್ನ ತೊಡೆಯನ್ನು ಕೈಯಿಂದ ಎತ್ತಿ ಆಚೆ ಸರಿಸಿಕೊಂಡಳು, ಬೇರೆ ಯಾರದೋ ಸಾಮಾನು ಸರಿಸಿದ ಹಾಗೆ. 

ಮೂರನೆಯ ಸಲ ಬಿತ್ತಿದ ದಿನ ಅವನ ಹಳೆಯ ಕಾಯಿಲೆ ಉಲ್ಬಣಿಸಿತು. ಒಂದು ತಗಡಿಗೆ ಬಿಳಿ ಬಳಿದು, ಕೆಂಪಿನಲ್ಲಿ ಬರೆದು, ಪಕ್ಕದ ಮನೆಯ ಕಡೆಗಿನ ಗೋಡೆಗೆ ಎಲ್ಲರಿಗೂ ಕಾಣುವ ಹಾಗೆ ಹೊಡೆದ. 'ಬೆಕ್ಕುಗಳು ಇಲ್ಲಿ ಗಲೀಜು ಮಾಡಬಾರದು' ಎಂಬಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅಷ್ಟು ವರ್ಷ ಸರ್ಕಾರಿ ಗೋಡೆಗಳ ಮೇಲೆ ಆಡಿದ ಕೈ, ಅದು ನಿಲ್ಲಲಿಲ್ಲ. 'ಮೀರಿದವರಿಗೆ ದಂಡ ವಿಧಿಸಲಾಗುವುದು' ಎಂದೂ ಬರೆದೇ ಇಳಿಯಿತು. ಹೆಂಡತಿ ಕಿಟಕಿಯಿಂದ ನೋಡಿ, ಒತ್ತುಗಳೆಲ್ಲ ಸರಿಯಾಗಿವೆ ಎಂದಷ್ಟೇ ಹೇಳಿದಳು.

ಮಧ್ಯಾಹ್ನಕ್ಕೆ ಪಕ್ಕದ ಮನೆಯ ಟೈಲರಮ್ಮ ಗೋಡೆಯ ಆಚೆ ಬಂದು ನಿಂತಳು. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಬೆಕ್ಕುಗಳು ಯಾರವೂ ಅಲ್ಲದಿದ್ದರೂ ಅವಕ್ಕೆ ದಿನಾ ಒಂದು ಹೊತ್ತು ಅನ್ನ ಹಾಕುವವಳು ಅವಳು. ಸೂಜಿ ತೆಗೆದು ರವಿಕೆಗೆ ಚುಚ್ಚಿಕೊಂಡು, ಗೋಡೆಯ ಮೇಲೆ ಬಗ್ಗಿ ಬೋರ್ಡನ್ನು ಇನ್ನೊಮ್ಮೆ ಓದಿದಳು.

"ಅಣ್ಣಾ, ಬೆಕ್ಕಿಗೆ ಓದೋಕೆ ಬರಲ್ಲ. ನನಗೆ ಬರುತ್ತೆ. ಹಾಗಾದ್ರೆ ಈ ಬೋರ್ಡು ಯಾರಿಗೆ?"

"ಅಯ್ಯೋ, ನಿನಗಲ್ಲಮ್ಮ, ಬೆಕ್ಕಿಗೇ ಬರೆದದ್ದು."

"ಬೆಕ್ಕಿಗಾದ್ರೆ ಮೀರಿದವಕ್ಕೆ ಅಂತ ಇರಬೇಕಿತ್ತು. ಮೀರಿದವರಿಗೆ ಅಂತ ಬರೆದಿದ್ದೀರ. ಬಟ್ಟೆ ಹೊಲಿಯೋಳಿಗೆ ಅಷ್ಟೂ ಗೊತ್ತಾಗಲ್ಲ ಅಂದ್ಕೊಂಡ್ರಾ?"

ಬೋರ್ಡಣ್ಣ ಬೋರ್ಡಿನ ಕಡೆ ನೋಡಿದ. ಬೆಕ್ಕುಗಳು 'ಅವು' ಆಗಿ ಇರಬೇಕಾದ ಕಡೆ 'ಅವರು' ಆಗಿ ಕೂತಿದ್ದವು. ಕಿಟಕಿಯೊಳಗಿನಿಂದ ಹೆಂಡತಿಯ ದನಿ ಬಂತು.

"ಅವಳು ಹೇಳೋದು ಸರಿ ರೀ. ನಾನು ಒತ್ತು ಮಾತ್ರ ನೋಡಿದ್ದೆ."

ಇಬ್ಬರು ಹೆಂಗಸರು ಒಂದು ಕಡೆಯಾದ ಮೇಲೆ ಮಾತಾಡಿ ಪ್ರಯೋಜನವಿಲ್ಲ. ಅಷ್ಟರಲ್ಲಿ ಕೆಂಚ ಎಂಬ ಹೆಸರಿನ ದಪ್ಪ ಗಂಡು ಬೆಕ್ಕು ಗೋಡೆಯ ಮೇಲಿಂದ ನಡೆದು ಬಂದು, 'ದಂಡ'ದ ಮೇಲೆ ಬಾಲ ಇಳಿಬಿಟ್ಟು ಕೂತಿತು.

"ಇಲ್ಲಿ ಬೇಡ, ಸರಿ. ಅವು ಎಲ್ಲಿಗೆ ಹೋಗಬೇಕು, ಅದನ್ನೂ ಒಂದು ಬೋರ್ಡಲ್ಲಿ ಬರೆದುಬಿಡಿ," ಎಂದಳು ಟೈಲರಮ್ಮ. "ಒಂದು ವರ್ಷದಿಂದ ನಿಮ್ಮ ಹಿತ್ತಲ ಮೂಲೆಯ ಮರಳಿಗೆ ಹೋಗ್ತಿದ್ವು. ಯಾರಿಗೂ ತೊಂದರೆ ಇರಲಿಲ್ಲ. ಅಕ್ಕ ಬಿದ್ದ ವಾರ ನೀವು ಅದರ ಮೇಲೆ ತಗಡು ಮುಚ್ಚಿ ಕಲ್ಲು ಹೇರಿದ್ರಿ. ಅವೇನು ಮಾಡ್ತಾವೆ?"

ಹೇಳಿ ಅವಳು ಮೆಷಿನ್ನಿಗೆ ಹೋದಳು. 

ಮರಳು ಮುಚ್ಚಿದ್ದು ನಿಜ. ಮೆಟ್ಟಿಲಿಗೆಂದು ತರಿಸಿ ಮೆಟ್ಟಿಲಿಗೆ ಹಾಕದ ಆ ಮರಳು ಕಿಟಕಿಯಿಂದ ಅವಳಿಗೆ ಕಾಣುತ್ತದಲ್ಲ ಎಂಬ ನಾಚಿಕೆಗೆ, ಮಾರಾಟವಾಗದೆ ಉಳಿದ ತನ್ನದೇ ಒಂದು ಹಳೆಯ ಬೋರ್ಡನ್ನು ಅದರ ಮೇಲೆ ಮಗುಚಿ ಹಾಕಿದ್ದ. ಹೋಗಿ ಕಲ್ಲು ಸರಿಸಿ, ಎತ್ತಿ ತಿರುಗಿಸಿ ನೋಡಿದ. 'ಪ್ರವೇಶವಿಲ್ಲ' ಎಂದಿತ್ತು.

ಆ ಹೊತ್ತಿಗೆ ಅವನಿಗೆ ಇಪ್ಪತ್ತೆರಡನೆಯ ವಯಸ್ಸಿನ ಒಂದು ಗೋಡೆ ನೆನಪಾಯಿತು. ಬಿಸಿಲಲ್ಲಿ ಬೆಳಗಿನಿಂದ ನಿಂತು 'ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು' ಎಂದು ಒಂದು ಫ್ಯಾಕ್ಟರಿಯ ಉದ್ದನೆಯ ಕಾಂಪೌಂಡಿಗೆ ನಾಲ್ಕು ಕಡೆ ಬರೆದಿದ್ದ. ನಾಲ್ಕನೆಯದು ಮುಗಿಯುವಷ್ಟರಲ್ಲಿ ತಡೆಯಲಾಗಲಿಲ್ಲ. ಸುತ್ತ ಎಲ್ಲಿ ನೋಡಿದರೂ ಜಾಗವಿಲ್ಲ. ಕೊನೆಗೆ ಕೈಯಲ್ಲಿ ಕುಂಚ ಹಿಡಿದುಕೊಂಡೇ, ಹಸಿ ಬಣ್ಣದಿಂದ ಒಂದು ಮಾರು ದೂರದಲ್ಲಿ ಗೋಡೆಗೆ ಮುಖ ಮಾಡಿದ. ಕಾವಲುಗಾರ ಹಿಂದಿನಿಂದ ಬಂದು, "ಓದೋಕೆ ಬರಲ್ವೇನಯ್ಯ?" ಎಂದು ಕೇಳಿದ್ದ. ಬರೆಯೋಕೂ ಬರುತ್ತೆ ಎಂದು ಹೇಳುವ ಧೈರ್ಯ ಆಗ ಬರಲಿಲ್ಲ. ಅಂಥ ಬೋರ್ಡು ಸಾವಿರ ಬರೆದಿದ್ದಾನೆ. ಎಲ್ಲಿ ಹೋಗಬೇಕು ಎಂದು ಬರೆಸಿದವರು ಒಬ್ಬರೂ ಇಲ್ಲ. ಅವನೂ ಒಬ್ಬರನ್ನೂ ಕೇಳಲಿಲ್ಲ.

ಮೆಟ್ಟಿಲು, ಮರಳು, ಬೆಕ್ಕು, ಮೂಲಂಗಿ, ಹೆಂಡತಿಯ ಸೊಂಟ, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಂಡು ಬಂದು ಅವನ ಕುತ್ತಿಗೆಗೇ ಬಿದ್ದವು. ಬೆಕ್ಕಿನ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ಕಾರಣವೂ ಉಳಿಯಲಿಲ್ಲ. ಬೆಕ್ಕಾದರೂ ತಾನು ಮಾಡಿದ್ದನ್ನು ಮಣ್ಣು ಮುಚ್ಚಿ ಹೋಗುತ್ತದೆ. ತಾನು ಅದಕ್ಕೆ ಬಣ್ಣ ಬಳಿದು ನೆರಳು ಕೊಟ್ಟಿದ್ದ. ಇದು ಅವನ ಮಾತು, ನಮ್ಮದಲ್ಲ.

ಮೊದಲು ಗೋಡೆಯ ಬೋರ್ಡು ಕಿತ್ತ. ಟೈಲರಮ್ಮನಿಗೆ ಕಾಣಲಿ ಎಂದು ಸ್ವಲ್ಪ ಸದ್ದು ಮಾಡಿಯೇ ಕಿತ್ತ. ಮರಳಿನ ತಗಡನ್ನು ಆಚೆ ಬಿಸಾಡಿ, ಮೇಲ್ಪದರ ಸಡಿಲ ಮಾಡಿ ಹರಡಿದ. ಒಂದು ಬಾಂಡ್ಲಿ ಮರಳನ್ನು ಜರಡಿ ಹಿಡಿದು ಬೇರೆ ಇಟ್ಟುಕೊಂಡು, ಹೊಸ ಸಿಮೆಂಟು ತಂದು, ಅದೇ ಸಂಜೆ ಮೆಟ್ಟಿಲ ಕಲ್ಲನ್ನು ಕಿತ್ತು ಮತ್ತೆ ಕೂರಿಸಿದ. ಗಾರೆ ಕೆಲಸ ಅವನಿಗೆ ಬಾರದು. ಅಂಚೆಲ್ಲ ಉಬ್ಬು ತಗ್ಗಾಯಿತು, ಅಂಗಿಗೆ ಅರ್ಧ ಸಿಮೆಂಟು ಹೋಯಿತು. ಹಳದಿ ಅಕ್ಷರ ಕೆಳಮುಖವಾಗುವಂತೆ ಕಲ್ಲನ್ನು ಮಗುಚಿ ಹಾಕಿದ್ದ. ಎರಡು ದಿನ ಅದಕ್ಕೆ ನೀರು ಹಾಕಿದ. ಮೂರನೆಯ ದಿನ ಅದರ ಮೇಲೆ ಹತ್ತಿ ಕುಣಿದು ನೋಡಿದ. ಅಲ್ಲಾಡಲಿಲ್ಲ. ಹೆಂಡತಿ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು.

ಪಾತಿಯ ಮೇಲೆ ಮುಳ್ಳುಕಡ್ಡಿ ಹರಡಿ, ಮಣ್ಣನ್ನು ದಿನಾ ಒದ್ದೆ ಇಟ್ಟ. ಬೆಕ್ಕಿಗೆ ಒದ್ದೆ ಮಣ್ಣು ಆಗುವುದಿಲ್ಲ ಎಂದು ಹೇಳಿಕೊಟ್ಟವಳು ಟೈಲರಮ್ಮ. ಮರುದಿನದಿಂದಲೇ ಕೆಂಚ ತನ್ನ ಹಳೆಯ ಮರಳಿಗೆ ಹೋದ, ಬೂದು ಬಣ್ಣದ್ದು ಹಿಂದೆ ಹೋಯಿತು, ಮೂರನೆಯದು ಎರಡು ದಿನ ತಡವಾಗಿ ಹೋಯಿತು. ದಿನಾ ಬೆಳಗ್ಗೆ ಬೋರ್ಡಣ್ಣ ಸಣ್ಣ ಸಲಿಕೆ ಹಿಡಿದು ಅಲ್ಲಿನದನ್ನು ಎತ್ತಿ ಬೇಲಿಯಾಚೆ ಗುಂಡಿಯಲ್ಲಿ ಹೂಳುತ್ತಿದ್ದ. ವಾಸನೆ ತಿಳಿಯದ ಮೂಗಿಗೆ ಕಡೆಗೂ ಒಂದು ಉದ್ಯೋಗ ಸಿಕ್ಕಿತು ಎಂದು ಅವನೇ ಹೇಳಿಕೊಂಡ.

ತಿಂಗಳು ಮುಗಿಯಲು ಎಂಟು ದಿನ ಇರುವಾಗ ಮೂಲಂಗಿ ಮೊಳೆಯಿತು. ಸಾಲಾಗಿ, ಜೋಡಿ ಜೋಡಿ ಹಸಿರು ಎಲೆ. ಬೋರ್ಡಣ್ಣ ಓಡಿ ಬಂದು ವಾಕರನ್ನು ಕುರ್ಚಿಯ ಮುಂದೆ ತಂದಿಟ್ಟ.

"ಎದ್ದಿದೆ ಕಣೇ. ಏಳು."

ಅವಳು ಕಿಟಕಿಯಿಂದ ಬಹಳ ಹೊತ್ತು ಹಸಿರು ಸಾಲನ್ನು ನೋಡಿದಳು. ವಾಕರಿನ ಹಿಡಿಯ ಮೇಲೆ ಎರಡೂ ಕೈ ಇಟ್ಟಳು. ಆಮೇಲೆ ಮೆಲ್ಲಗೆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ನನ್ನ ಕೈಲಿ ಆಗಲ್ಲ ರೀ," ಎಂದಳು. "ಮೆಟ್ಟಿಲು ನೋಡಿದ್ರೆ ಕಾಲು ನಡುಗುತ್ತೆ. ನಿಮಗೆ ಸುಳ್ಳು ಆಸೆ ತೋರಿಸಿದೆ. ನಿಮ್ಮ ಕೈಲಿ ಬೆಳೆಯಲ್ಲ ಅಂದ್ಕೊಂಡು ಒಪ್ಪಿದ್ದೆ."

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಅವನನ್ನು ನಲವತ್ತು ವರ್ಷ ನೋಡಿದ ಯಾರೇ ಆದರೂ ಹಾಗೇ ಎಣಿಸುತ್ತಿದ್ದರು. "ಹೋಗಲಿ ಬಿಡು," ಎಂದು ಹೊರಗೆ ಬಂದ.  ದುಃಖವಾದಾಗೆಲ್ಲ ಅವನಿಗೆ ಮಾಡಲು ತಿಳಿದದ್ದು ಒಂದೇ ಕೆಲಸ.

ಐದು ದಿನ ಅದಕ್ಕೂ ಕೈ ಏಳಲಿಲ್ಲ. ತಿಂಗಳಿಗೆ ಮೂರು ದಿನ ಉಳಿದಿರುವಾಗ ಅವನು ಒಂದು ಚಿಕ್ಕ ತಗಡಿಗೆ ಬಿಳಿ ಬಳಿದು, ಬೆಕ್ಕುಗಳ ಮೂಲೆಗೆ ಒಂದು ಬೋರ್ಡು ಬರೆಯಲು ಕೂತ. ದಂಡ ಇಲ್ಲ, ಬಾರದು ಇಲ್ಲ. ಎರಡೇ ಪದ. ಮೊದಲು ಅಕ್ಷರದ ಮೈ ಬರೆದ. ಒಣಗಲು ಇಟ್ಟು ಟೀ ಮಾಡಿಕೊಂಡು ಕುಡಿದ, ಅವಳಿಗೂ ಕೊಟ್ಟ. ಆಮೇಲೆ ಬಂದು ಸಣ್ಣ ಕುಂಚದಲ್ಲಿ ಒತ್ತು ಹಾಕಿ, ತಗಡಿಗೆ ಕೋಲು ಕಟ್ಟಿ, ಮನೆಯ ಕಡೆಗೆ ಮುಖವಾಗಿ ಮರಳಿನಲ್ಲಿ ನೆಟ್ಟ. ಬಣ್ಣದ ಡಬ್ಬಿ, ಕುಂಚ ಅಲ್ಲೇ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. 'ಬೆಕ್ಕುಗಳಿಗೆ ಮಾತ್ರ'. ಚೆನ್ನಾಗಿ ಬಂದಿತ್ತು.

"ರೀ," ಎಂದಳು ಹೆಂಡತಿ ಕಿಟಕಿಯಿಂದ. "ಒತ್ತು."

"ಯಾವ ಒತ್ತು?"

"ಕ ಒತ್ತು ಬಿಟ್ಟಿದ್ದೀರ."

ನೋಡಿದ. "ಹಾಕಿದ್ದೀನಲ್ಲೇ."

"ನೀವು ಹಾಕಿರೋದು ಮಾತ್ರ ಅನ್ನೋದರಲ್ಲಿ. ಬೆಕ್ಕಿಗೆ ಹಾಕಿಲ್ಲ. ಬೆಕು ಅಂತ ಇದೆ."

ಕನ್ನಡಕ ತೆಗೆದು ಅಂಗಿಗೆ ಒರೆಸಿ ಮತ್ತೆ ನೋಡಿದ. ಬೆಕ್ಕು ಎಂದೇ ಕಂಡಿತು. ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮನೆಗೆ ಬೆನ್ನು ಮಾಡಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದ.

"ಎಲ್ಲ ಸರಿ ಇದೆ ಕಣೇ. ನಿನಗೆ ದೂರಕ್ಕೆ ಕಾಣ್ತಿಲ್ಲ."

"ನನಗೆ ಕಾಣ್ತಿಲ್ವಾ?" ಎಂದಳು ಅವಳು. ಆ ಮೇಲೆ ಕಿಟಕಿಯಿಂದ ಏನೂ ಕೇಳಲಿಲ್ಲ.

ಅವನು ಇನ್ನೂ ಓದುತ್ತಲೇ ಇದ್ದ. ಹಿಂದಿನಿಂದ ಟಕ್ ಎಂದು ಸದ್ದಾಯಿತು, ತುಸು ಬಿಟ್ಟು ಇನ್ನೊಂದು ಟಕ್. ಟೈಲರಮ್ಮ ಕತ್ತರಿ ಇಡುತ್ತಿರಬೇಕು ಎಂದುಕೊಂಡ. ಸದ್ದು ಬಂದ ಹಾಗೆ ಬಂದು, ಬೆನ್ನ ಹಿಂದೆ ನಿಂತಿತು.

"ಕುಂಚ ಕೊಡಿ ಇಲ್ಲಿ."

ತಿರುಗಿ ನೋಡಿದರೆ ಅವಳು. ವಾಕರಿನ ಮೇಲೆ ಬಗ್ಗಿ, ಮುಖವೆಲ್ಲ ಬೆವರು, ಸಿಟ್ಟಿಗೆ ಮೂಗಿನ ತುದಿ ಕೆಂಪು. ಮೆಟ್ಟಿಲು ಹಿಂದೆ ಉಳಿದಿತ್ತು. ಮೂಲಂಗಿ ಪಾತಿಯನ್ನೂ ಅವಳು ಕಣ್ಣೆತ್ತಿ ನೋಡದೆ ದಾಟಿ ಬಂದಿದ್ದಳು. ಬೋರ್ಡಣ್ಣ ಎರಡೂ ಕೈ ಚಾಚಿ ಎದ್ದ.

"ನನ್ನ ಹಿಡ್ಕೋಬೇಡಿ. ಬೋರ್ಡು ಹಿಡ್ಕೊಳ್ಳಿ, ಬಗ್ಗೋಕಾಗಲ್ಲ ನನಗೆ."

ಅವನು ಕುಂಚ ಅದ್ದಿ ಅವಳ ಕೈಗೆ ಕೊಟ್ಟು, ಬೋರ್ಡನ್ನು ಕೋಲಿನ ಸಮೇತ ಕಿತ್ತು ಅವಳ ಎದೆಯ ಎತ್ತರಕ್ಕೆ ಹಿಡಿದ. ಅವಳು ಒಂದು ಕೈ ವಾಕರಿನ ಮೇಲೆ ಊರಿ, ಇನ್ನೊಂದು ಕೈಯಲ್ಲಿ ಕ ಕೆಳಗೆ ಒತ್ತು ಹಾಕಿದಳು. ಅದು ಸೊಟ್ಟಗಾಯಿತು, ಬಾಲದಿಂದ ಒಂದು ಹನಿ ಇಳಿಯಿತು.

"ಈಗ ಓದಿ."

ಓದಲಾಗಲಿಲ್ಲ. ಬೋರ್ಡಣ್ಣ ಅಳುತ್ತಿದ್ದ. ಬಣ್ಣದ ಘಾಟು ಎಂದು ಹೇಳಲು ಬಾಯಿ ತೆರೆದ, ತನ್ನ ಮೂಗಿನ ಕಥೆ ಅವಳಿಗೆ ಗೊತ್ತು ಎಂದು ನೆನಪಾಗಿ ಮುಚ್ಚಿದ.

ಗೋಡೆಯಾಚೆ ಮೆಷಿನ್ನಿನ ಸದ್ದು ನಿಂತಿತ್ತು. ಟೈಲರಮ್ಮ ಅಳತೆ ಟೇಪು ಹಿಡಿದುಕೊಂಡು ನೋಡುತ್ತಿದ್ದಳು.

"ಅಣ್ಣಾ, ಆ ಒತ್ತು ಬೇಕಂತಲೇ ಬಿಟ್ಟಿದ್ರಾ?"

ಹೌದು ಎನ್ನುವ ಆಸೆ ಅವನಿಗೆ ಬಹಳ ಆಯಿತು. ಈ ಜೀವಮಾನದಲ್ಲಿ ಜಾಣ ಅನ್ನಿಸಿಕೊಳ್ಳುವ ಅವಕಾಶ ಅದೊಂದೇ ಬಂದದ್ದು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲಮ್ಮ," ಎಂದ. "ಮರೆತೇ ಹೋಗಿತ್ತು."

"ನನಗೆ ಗೊತ್ತು," ಎಂದಳು ಹೆಂಡತಿ. "ಬೇಕಂತ ಬಿಟ್ಟಿದ್ರೆ ನಾನು ಏಳ್ತಾನೇ ಇರಲಿಲ್ಲ."

ಕುಂಚವನ್ನು ಅವನ ಕೈಗೆ ಕೊಟ್ಟು, ವಾಕರನ್ನು ಒಂದೊಂದೇ ಕಾಲು ತಿರುಗಿಸಿ ಮನೆಯ ಕಡೆ ಹೊರಟಳು. ಅವನು ಬೋರ್ಡು ನೆಟ್ಟು, ಒಂದು ಹೆಜ್ಜೆ ಹಿಂದೆ, ಮುಟ್ಟದೆ ನಡೆದ. ಮೆಟ್ಟಿಲ ಹತ್ತಿರ ಅವಳು ನಿಂತು ಕಲ್ಲನ್ನು ಮೇಲಿನಿಂದ ಕೆಳಗೆ ನೋಡಿದಳು.

"ಇದರ ಮೇಲೆ ಏನೂ ಬರೆದಿಲ್ವಾ?"

"ಇಲ್ಲ ಕಣೇ. ಬರೀ ಕಲ್ಲು."

ಅವಳು ಅದರ ಮೇಲೆ ಕಾಲಿಟ್ಟಳು.